31ರ ಹರೆಯದ ಹ್ಯುರ್ಟ್ಸೆಲರ್ ಅವರಿಂದ ಬ್ರೈಟನ್ ಅಭಿಮಾನಿಗಳು ಏನನ್ನು ನಿರೀಕ್ಷಿಸಬಹುದು?

ಫಾಲ್ಮರ್ ನಿಲ್ದಾಣ (2024 ಜುಲೈ 9)

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, 2017ರಿಂದ ಇಂಗ್ಲೆಂಡಿನ ಲೂಯಿಸ್ ಪಟ್ಟಣದಲ್ಲಿದ್ದೇನೆ. ರೈಲಿನಲ್ಲಿ ಮುಂದಿನ ನಿಲ್ದಾಣವೇ ಫಾಲ್ಮರ್. ಅಲ್ಲಿ ಇಳಿದರೆ ಎದುರಿಗೇ ಬ್ರೈಟನ್ ಫುಟ್‌ಬಾಲ್ ತಂಡದ ಆಮೆಕ್ಸ್ ಕ್ರೀಡಾಂಗಣ. ನಾನು ಈ ಊರಿಗೆ ಬಂದ ವರ್ಷವೇ ಕ್ರಿಸ್ ಹ್ಯೂಟನ್ ಅವರ ತರಬೇತಿಯಲ್ಲಿ ಬ್ರೈಟನ್ ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗಿಗೆ ಬಡ್ತಿ ಪಡೆಯಿತು. ಹೀಗಾಗಿ ಈ ತಂಡದ ಏಳು ಬೀಳುಗಳನ್ನು ನನ್ನ ಪರದೇಶದ ಬದುಕಿನಿಂದ ಬೇರ್ಪಡಿಸಿ ನೋಡುವುದು ನನಗೆ ಸಾಧ್ಯವಾಗಿಲ್ಲ.

ಕಳೆದ ತಿಂಗಳ 15ರಂದು ಕ್ಲಬ್ ಫಾಬಿಯಾನ್ ಹ್ಯುರ್ಟ್ಸೆಲರ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿ, 2027ರವರೆಗೆ ಒಪ್ಪಂದ ಮಾಡಿಕೊಂಡಿದೆ. ಅವರು ಹುಟ್ಟಿದ್ದು 1993ರ ಫೆಬ್ರವರಿಯಲ್ಲಿ, ಅಂದರೆ ಈಗ 31 ವರ್ಷ. ಪ್ರೀಮಿಯರ್ ಲೀಗಿನ ಇತಿಹಾಸದಲ್ಲಿ ಇಷ್ಟು ಚಿಕ್ಕ ವಯಸ್ಸಿನಲ್ಲಿ ಕಾಯಂ ತರಬೇತುದಾರರಾದವರು ಬೇರೆ ಯಾರೂ ಇಲ್ಲ. ನಮ್ಮ ನಾಯಕ ಲೂಯಿಸ್ ಡಂಕ್ ಅವರಿಗಿಂತ ಒಂದು ವರ್ಷ ಚಿಕ್ಕವರು, ನಮ್ಮ ಆಟಗಾರ ಡ್ಯಾನಿ ವೆಲ್ಬೆಕ್ ಅವರಿಗಿಂತ ಎರಡು ವರ್ಷ ಚಿಕ್ಕವರು. ನಮ್ಮದೇ ತಂಡದ ಜೇಮ್ಸ್ ಮಿಲ್ನರ್ ಅವರಂತೂ ಏಳು ವರ್ಷ ಹಿರಿಯರು. ಮಿಲ್ನರ್ 2002ರಲ್ಲಿ ಲೀಡ್ಸ್ ಪರವಾಗಿ ಪ್ರೀಮಿಯರ್ ಲೀಗಿಗೆ ಕಾಲಿಟ್ಟಾಗ ಹ್ಯುರ್ಟ್ಸೆಲರ್ ಒಂಬತ್ತು ವರ್ಷದ ಹುಡುಗ.

ನನ್ನ ಕಳವಳ ವಯಸ್ಸಿನದಲ್ಲ. ಹಿಂದಿನ ತರಬೇತುದಾರ ರಾಬರ್ಟೊ ಡಿ ಜೆರ್ಬಿ ಅವರು ನಮಗೆ ಎಂಥ ಫುಟ್‌ಬಾಲನ್ನು ತೋರಿಸಿದರೆಂದರೆ, ಡಂಕ್ ಅವರು ಚೆಂಡಿನ ಮೇಲೆ ಪಾದವನ್ನಿಟ್ಟು ಎದುರಾಳಿ ಮೈಮೇಲೆ ಬರುವವರೆಗೂ ಕದಲದೆ ನಿಲ್ಲುತ್ತಿದ್ದ ಆ ಗಳಿಗೆಗಳಲ್ಲಿ ಮೂವತ್ತು ಸಾವಿರ ಜನ ಉಸಿರು ಬಿಗಿಹಿಡಿಯುತ್ತಿದ್ದರು. 2022-23ರಲ್ಲಿ 62 ಅಂಕಗಳೊಂದಿಗೆ ಆರನೆಯ ಸ್ಥಾನ ಬಂತು, ಕ್ಲಬ್ ಮೊದಲ ಬಾರಿಗೆ ಯುರೋಪಿನ ಕ್ಲಬ್ಬುಗಳ ಸ್ಪರ್ಧೆಯಾದ ಯುರೋಪಾ ಲೀಗಿಗೆ ಹೋಯಿತು, ಆಯಾಕ್ಸ್ ಮತ್ತು ಮಾರ್ಸೇ ತಂಡಗಳಿದ್ದ ಗುಂಪಿನಲ್ಲಿ ಅಗ್ರಸ್ಥಾನವನ್ನೂ ಪಡೆಯಿತು. ಆದರೆ ಮರುವರ್ಷದ ಲೀಗಿನಲ್ಲಿ ಗಾಯಾಳುಗಳ ಸಾಲು ಬೆಳೆಯುತ್ತ ಹೋಗಿ, 62 ಗೋಲು ಬಿಟ್ಟುಕೊಟ್ಟು 48 ಅಂಕಗಳೊಂದಿಗೆ ಹನ್ನೊಂದನೆಯ ಸ್ಥಾನಕ್ಕೆ ಇಳಿದೆವು. ಆಸ್ಟನ್ ವಿಲ್ಲಾ ಅಂಗಳದಲ್ಲಿ 6-1, ರೋಮ್ ನಗರದಲ್ಲಿ 4-0. ಅವೆರಡನ್ನೂ ನಾನು ಇನ್ನೂ ಮರೆತಿಲ್ಲ.

ಹೊಸ ತರಬೇತುದಾರರಿಂದ ಮೊದಲ ವರ್ಷದಲ್ಲಿ ಏನನ್ನು ಬಯಸುವುದು ನ್ಯಾಯ? ಆ ಸೊಗಸಾದ ಆಟ ಹಾಗೆಯೇ ಉಳಿಯಲಿ ಎಂದೇ, ಅಥವಾ ಅದರಲ್ಲಿ ಸ್ವಲ್ಪ ಕಳೆದುಕೊಂಡರೂ ರಕ್ಷಣೆ ಗಟ್ಟಿಯಾಗಲಿ ಎಂದೇ? ಜರ್ಮನಿಯಲ್ಲಿ ಅವರ ಕೆಲಸವನ್ನು ಕಂಡವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಎಲ್ಬೆ ದಂಡೆ (2024 ಜುಲೈ 10)

ನಾನು ಧಾರವಾಡದವಳು, ಹ್ಯಾಂಬರ್ಗ್ ನಗರದಲ್ಲಿ ಕೆಲಸ ಮಾಡುತ್ತೇನೆ. ಮಿಲರ್ನ್‌ಟೋರ್ ಕ್ರೀಡಾಂಗಣದ ನಿಂತು ನೋಡುವ ಗ್ಯಾಲರಿಯಿಂದ ಸಾಂಕ್ಟ್ ಪೌಲಿ ತಂಡದ ಕಳೆದ ಎರಡು ಋತುಗಳ ಬಹುತೇಕ ಪಂದ್ಯಗಳನ್ನು ನೋಡಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರಿಸುವುದು ನನ್ನ ಕರ್ತವ್ಯ ಎನಿಸಿತು.

2022ರ ಡಿಸೆಂಬರಿನಲ್ಲಿ ನಮ್ಮ ತಂಡ ಜರ್ಮನಿಯ ಎರಡನೆಯ ದರ್ಜೆಯ 18 ತಂಡಗಳ ಪೈಕಿ 15ನೆಯ ಸ್ಥಾನದಲ್ಲಿತ್ತು. ಕ್ಲಬ್ಬಿನ ಮಾಜಿ ಆಟಗಾರರೂ ನಮ್ಮೆಲ್ಲರ ಅಚ್ಚುಮೆಚ್ಚಿನವರೂ ಆಗಿದ್ದ ಟಿಮೊ ಶುಲ್ಟ್ಸ್ ಅವರನ್ನು ತೆಗೆದು, ಅವರ ಸಹಾಯಕರಾಗಿದ್ದ 29 ವರ್ಷದ ಹ್ಯುರ್ಟ್ಸೆಲರ್ ಅವರಿಗೆ ಹೊಣೆ ಒಪ್ಪಿಸಿದಾಗ ಗ್ಯಾಲರಿಯಲ್ಲಿ ನನ್ನ ಅಕ್ಕಪಕ್ಕ ನಿಲ್ಲುತ್ತಿದ್ದವರಲ್ಲಿ ಸಂತೋಷಪಟ್ಟವರು ಒಬ್ಬರೂ ಇರಲಿಲ್ಲ. ಚಳಿಗಾಲದ ವಿರಾಮದ ನಂತರ ತಂಡ ಸತತ ಹತ್ತು ಪಂದ್ಯಗಳನ್ನು ಗೆದ್ದು, ಐದನೆಯ ಸ್ಥಾನದಲ್ಲಿ ಋತುವನ್ನು ಮುಗಿಸಿತು. ಮರುವರ್ಷ ಮೊದಲಾರ್ಧದಲ್ಲಿ ಲೀಗಿನ ಒಂದು ಪಂದ್ಯವನ್ನೂ ಸೋಲಲಿಲ್ಲ. ಈ ವರ್ಷದ ಮೇ ತಿಂಗಳಲ್ಲಿ ಪ್ರಶಸ್ತಿಯನ್ನೇ ಗೆದ್ದು, 13 ವರ್ಷಗಳ ನಂತರ ಜರ್ಮನಿಯ ಅಗ್ರ ದರ್ಜೆಯಾದ ಬುಂಡೆಸ್‌ಲೀಗಾಕ್ಕೆ ಮರಳಿತು.

ನಿಮ್ಮ ರಕ್ಷಣೆಯ ಪ್ರಶ್ನೆಗೆ ಬರುತ್ತೇನೆ. ಆ ಋತುವಿನಲ್ಲಿ ಲೀಗಿನಲ್ಲೇ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟದ್ದು ನಮ್ಮ ತಂಡ. ಆದರೂ ಅದು ಗೋಲಿನ ಮುಂದೆ ಗುಂಪುಗೂಡಿ ನಿಂತು ಉಳಿಸಿಕೊಂಡದ್ದಲ್ಲ. ಹಿಂದೆ ಮೂವರು ರಕ್ಷಕರಿರುತ್ತಿದ್ದರು. ಚೆಂಡು ನಮ್ಮಲ್ಲಿರುವಾಗ ನಡುವಿನ ಎರಿಕ್ ಸ್ಮಿತ್ ಮುಂದೆ ಸರಿದು ಮಿಡ್‌ಫೀಲ್ಡರ್ ಆಗಿಬಿಡುತ್ತಿದ್ದರು. ಇದರಿಂದ ಎದುರಾಳಿಯ ಮುನ್ಪಡೆಯವರಿಗೆ ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಮಿಡ್‌ಫೀಲ್ಡರುಗಳಾದ ಜಾಕ್ಸನ್ ಅರ್ವಿನ್ ಮತ್ತು ಮಾರ್ಸೆಲ್ ಹಾರ್ಟೆಲ್ ಅವರು ಪೆನಾಲ್ಟಿ ಪ್ರದೇಶದವರೆಗೂ ಓಡಿ ಹೋಗುತ್ತಿದ್ದರು. ಚೆಂಡು ಕೈತಪ್ಪಿದರೆ ಹಿಂದಕ್ಕೆ ಓಡುವುದಲ್ಲ, ಅಲ್ಲೇ ಇದ್ದ ನಾಲ್ಕೈದು ಮಂದಿ ಒಟ್ಟಿಗೆ ಮುತ್ತಿ ಕಿತ್ತುಕೊಳ್ಳುವುದು ಅವರ ಕ್ರಮ. ಇದಕ್ಕೆ ಪ್ರತಿಯೊಬ್ಬರೂ ಇನ್ನೊಬ್ಬರಿಂದ ಸರಿಯಾದ ದೂರದಲ್ಲಿರಬೇಕು. ಆ ದೂರವನ್ನು ಆಟಗಾರರಿಗೆ ಕಲಿಸುವುದರಲ್ಲೇ ಅವರ ನಿಜವಾದ ಪ್ರತಿಭೆ ಇದೆ ಎಂದು ನನ್ನ ಅಭಿಪ್ರಾಯ. ನೀವು ಸೊಗಸು ಬೇಕೇ, ಗಟ್ಟಿತನ ಬೇಕೇ ಎಂದು ಎರಡು ಬಟ್ಟಲಲ್ಲಿಟ್ಟು ಕೇಳಿದ್ದೀರಿ. ಅವರು ಅವನ್ನು ಬೇರೆ ಮಾಡಿ ನೋಡುವವರಲ್ಲ.

ಒಂದು ದೋಷವನ್ನೂ ಹೇಳಬೇಕು. ಗೆರೆಯ ಬಳಿ ಅವರ ಆವೇಶ ಹೆಚ್ಚು, ಹಳದಿ ಕಾರ್ಡುಗಳನ್ನು ಪಡೆದದ್ದೂ ಹೆಚ್ಚು. ಪ್ರೀಮಿಯರ್ ಲೀಗಿನ ರೆಫರಿಗಳು ಅದನ್ನು ಸಹಿಸುವುದಿಲ್ಲ.

ಇನ್ನೊಂದು ಮಾತು. ಮಾರ್ಚ್ ತಿಂಗಳಲ್ಲಿ ನಮ್ಮೊಂದಿಗಿನ ಒಪ್ಪಂದವನ್ನು ಮುಂದುವರಿಸಿದ್ದ ಅವರು ಜೂನ್ ತಿಂಗಳಲ್ಲಿ ನಿಮ್ಮಲ್ಲಿಗೆ ಬಂದರು. ಆ ದಿನ ನನಗೆ ಬಹಳ ನೋವಾಯಿತು. ಬುಂಡೆಸ್‌ಲೀಗಾದ ಮೊದಲ ಪಂದ್ಯದಲ್ಲಿ ಅವರನ್ನು ಮಿಲರ್ನ್‌ಟೋರ್ ಅಂಗಳದಲ್ಲಿ ಕಾಣಬೇಕೆಂದು ಎಷ್ಟು ಆಸೆಪಟ್ಟಿದ್ದೆ ಎಂಬುದನ್ನು ಹೇಳಿದರೆ, ನಿಮಗೆ ದೊರೆತಿರುವುದು ಎಂಥವರೆಂಬುದು ತಿಳಿದೀತು.

ಲೆಫ್ಟ್ ಬ್ಯಾಕ್ 3 (2024 ಜುಲೈ 10)

ಭರವಸೆ ಇರಲಿ, ಆದರೆ ಆಂಡ್ರೆ ವಿಲಾಸ್-ಬೋವಾಸ್ ಅವರನ್ನು ಮರೆಯಬಾರದು. 2011ರಲ್ಲಿ ಪೋರ್ಟೊ ತಂಡವನ್ನು ಲೀಗಿನಲ್ಲಿ ಒಂದೂ ಸೋಲಿಲ್ಲದೆ ಗೆಲ್ಲಿಸಿ, ಯುರೋಪಾ ಲೀಗನ್ನೂ ಗೆದ್ದು, 33ನೆಯ ವಯಸ್ಸಿನಲ್ಲಿ ಚೆಲ್ಸಿಗೆ ಬಂದರು. ಆ ತಂಡದಲ್ಲಿದ್ದ ಲ್ಯಾಂಪಾರ್ಡ್ ಮತ್ತು ದ್ರೋಗ್ಬಾ ಅವರದೂ ಹೆಚ್ಚುಕಡಿಮೆ ಅದೇ ವಯಸ್ಸು. ರಕ್ಷಣಾ ಸಾಲನ್ನು ಬಹಳ ಮುಂದಕ್ಕೆ ತಂದು ಆಡಿಸಲು ಹೋದರು, ಹಿರಿಯರನ್ನು ಬೆಂಚಿನ ಮೇಲೆ ಕೂರಿಸಿದರು, 2012ರ ಮಾರ್ಚ್ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಅದೇ ಆಟಗಾರರು ಎರಡು ತಿಂಗಳ ನಂತರ, ಬದಲಿಗೆ ಬಂದ ಡಿ ಮಾಟೆಯೊ ಅವರ ಕೈಕೆಳಗೆ ಚಾಂಪಿಯನ್ಸ್ ಲೀಗ್ ಗೆದ್ದರು. ಎರಡನೆಯ ದರ್ಜೆಯಿಂದ ನೇರವಾಗಿ ಇಲ್ಲಿಗೆ ಬರುತ್ತಿರುವ ಹ್ಯುರ್ಟ್ಸೆಲರ್ ಅವರ ಹೆಜ್ಜೆ ಅದಕ್ಕಿಂತಲೂ ದೊಡ್ಡದು. ಮೊದಲ ವರ್ಷ ಹನ್ನೆರಡನೆಯ ಸ್ಥಾನ ಬಂದರೆ ನಾನು ತೃಪ್ತಿಪಡುತ್ತೇನೆ.

ಅಶೋಕನಗರ ಗ್ಯಾಲರಿ (2024 ಜುಲೈ 11)

ಲೆಫ್ಟ್ ಬ್ಯಾಕ್ ಅವರ ಎಚ್ಚರಿಕೆಯನ್ನು ಒಪ್ಪುತ್ತೇನೆ, ಆದರೆ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಚೆಲ್ಸಿಯಲ್ಲಿ ಆಗ ತರಬೇತುದಾರರಿಗಿಂತ ಆಟಗಾರರ ತೂಕ ಹೆಚ್ಚಿತ್ತು, ಮಾಲೀಕರ ತಾಳ್ಮೆ ಕಡಿಮೆಯಿತ್ತು. ಬ್ರೈಟನ್ ಕ್ಲಬ್ಬಿನಲ್ಲಿ ತರಬೇತುದಾರರು ಬದಲಾದರೂ ಬದಲಾಗದ ಒಂದು ವ್ಯವಸ್ಥೆಯಿದೆ. 2009ರಿಂದ ಅಧ್ಯಕ್ಷರಾಗಿರುವ ಟೋನಿ ಬ್ಲೂಮ್ ಅವರು ಚಿಕ್ಕಂದಿನಿಂದ ಅದೇ ತಂಡದ ಅಭಿಮಾನಿ. ಬೆಟ್ಟಿಂಗ್ ಲೆಕ್ಕಾಚಾರದಲ್ಲಿ ಪಳಗಿದವರು, ಅಂಕಿಅಂಶಗಳ ಆಧಾರದ ಮೇಲೆ ಯಾರಿಗೂ ಗೊತ್ತಿಲ್ಲದ ಆಟಗಾರರನ್ನು ಹುಡುಕಿ ತರುವವರು. ಮೊಯ್ಸೆಸ್ ಕೈಸೆಡೊ ಅವರನ್ನು ಈಕ್ವೆಡಾರ್ ದೇಶದಿಂದ ಕೆಲವೇ ಮಿಲಿಯನ್ ಪೌಂಡಿಗೆ ತಂದು, 2023ರಲ್ಲಿ ಚೆಲ್ಸಿಗೆ 100 ಮಿಲಿಯನ್ ಪೌಂಡಿಗೂ ಹೆಚ್ಚಿನ ಬೆಲೆಗೆ ಮಾರಿದ್ದು ಎಲ್ಲರಿಗೂ ಗೊತ್ತು. ಆಟಗಾರರನ್ನು ಆರಿಸುವ ಅದೇ ಕಣ್ಣು ಈ ತರಬೇತುದಾರರನ್ನೂ ಆರಿಸಿದೆ. 2022ರ ಸೆಪ್ಟೆಂಬರಿನಲ್ಲಿ ಆಗಿನ ತರಬೇತುದಾರ ಗ್ರಹಾಂ ಪಾಟರ್ ಚೆಲ್ಸಿಗೆ ಹೊರಟುಹೋದಾಗಲೂ ಎಲ್ಲ ಮುಗಿಯಿತು ಎಂದವರಿದ್ದರು. ಆ ಋತುವಿನಲ್ಲೇ ಆರನೆಯ ಸ್ಥಾನ ಬಂತು.

ನನ್ನ ಭರವಸೆಗೆ ನಮ್ಮೂರಿನದೇ ಒಂದು ಆಧಾರವಿದೆ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ತರಬೇತುದಾರರಾಗಿ ಬಂದ ಆಶ್ಲಿ ವೆಸ್ಟ್‌ವುಡ್ ಅವರಿಗೆ 36 ವರ್ಷ. ಅಶೋಕನಗರದ ಆ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಮೊದಲ ಕೆಲವು ಪಂದ್ಯಗಳಿಗೆ ಹೋದಾಗ ನನ್ನ ಸುತ್ತ ಕುಳಿತಿದ್ದ ಹಿರಿಯರು, ಕೋಲ್ಕತ್ತ ಮತ್ತು ಗೋವಾದ ತಂಡಗಳ ಮುಂದೆ ಈ ಹೊಸ ತಂಡ ಮತ್ತು ಈ ಹೊಸ ಕೋಚ್ ಏನು ಮಾಡಿಯಾರು ಎಂದು ಮಾತನಾಡಿಕೊಳ್ಳುತ್ತಿದ್ದರು. ವೆಸ್ಟ್‌ವುಡ್ ಅವರು ಆಟಗಾರರ ಊಟ, ನಿದ್ದೆ, ಮೈಕಸುವು ಎಲ್ಲವನ್ನೂ ಅಳೆದು ನೋಡುವ ಶಿಸ್ತನ್ನು ತಂದರು. ಸುನಿಲ್ ಛೆಟ್ರಿ ಅವರಂಥ ಹೆಸರಾಂತ ಆಟಗಾರರೂ ಆ ಶಿಸ್ತಿಗೆ ಹೊರತಾಗಿರಲಿಲ್ಲ. ಮೊದಲ ಪ್ರಯತ್ನದಲ್ಲೇ ತಂಡ ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್ ಗೆದ್ದಿತು, ಮುಂದಿನ ಋತುವಿನಲ್ಲಿ ಫೆಡರೇಷನ್ ಕಪ್ ಗೆದ್ದಿತು, 2016ರಲ್ಲಿ ಮತ್ತೆ ಲೀಗ್ ಗೆದ್ದಿತು. ಕೋಚ್ ಚಿಕ್ಕವರೆಂಬ ಮಾತು ಎರಡನೆಯ ವರ್ಷಕ್ಕೆ ನಮ್ಮ ಗ್ಯಾಲರಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಐ-ಲೀಗಿಗೂ ಪ್ರೀಮಿಯರ್ ಲೀಗಿಗೂ ಇರುವ ಅಂತರ ನನಗೆ ತಿಳಿದಿದೆ. ಆದರೂ ಕ್ಲಬ್ ಬೆನ್ನಿಗೆ ನಿಂತರೆ ಯುವ ತರಬೇತುದಾರರೊಬ್ಬರು ಎಷ್ಟು ಬೇಗ ಒಂದು ತಂಡಕ್ಕೆ ತಮ್ಮ ಗುರುತನ್ನು ಒತ್ತಬಲ್ಲರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೇತ್ರಾವತಿ ಬಯಲು (2024 ಜುಲೈ 12)

ಮಂಗಳೂರಿನಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. 25ನೆಯ ವಯಸ್ಸಿನಲ್ಲಿ ಒಂದು ಸ್ಥಳೀಯ ತಂಡದ ಹೊಣೆ ನನ್ನ ಮೇಲೆ ಬಂದಿತ್ತು. ಅದರಲ್ಲಿ ನನಗಿಂತ ಹಿರಿಯರಾದ ಆರು ಮಂದಿ ಇದ್ದರು, ಅವರಲ್ಲಿ ಇಬ್ಬರನ್ನು ನಾನು ಶಾಲೆಯಲ್ಲಿದ್ದಾಗ ಗೆರೆಯಾಚೆ ನಿಂತು ನೋಡಿ ಮೆಚ್ಚಿದ್ದೆ. ಆ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಹಿರಿಯ ಆಟಗಾರರು ಕೋಚ್ ಎಷ್ಟು ದೊಡ್ಡವರು ಎಂದು ನೋಡುವುದು ಮೊದಲ ವಾರ ಮಾತ್ರ. ಎರಡನೆಯ ವಾರದಿಂದ ಅವರು ನೋಡುವುದು, ಶನಿವಾರದ ಪಂದ್ಯದಲ್ಲಿ ತಮಗೆ ಎದುರಾಗುವ ತೊಂದರೆಗೆ ಈ ಮನುಷ್ಯನ ಬಳಿ ಮಂಗಳವಾರವೇ ಉತ್ತರವಿದೆಯೇ ಎಂಬುದನ್ನು. ನಾನು ಒಮ್ಮೆ ಅರ್ಧ ವಿರಾಮದಲ್ಲಿ ನಮ್ಮ ಹಿರಿಯ ರಕ್ಷಕರೊಬ್ಬರನ್ನು ಕರೆದು, ಎದುರಾಳಿಯ ಬಲಬದಿಯ ಆಟಗಾರ ಪ್ರತಿ ಸಲವೂ ಒಳಕ್ಕೇ ತಿರುಗುತ್ತಿದ್ದಾನೆ, ನೀವು ಎರಡು ಹೆಜ್ಜೆ ಒಳಗೆ ನಿಂತರೆ ಸಾಕು ಎಂದೆ. ಅವರು ಹಾಗೆ ನಿಂತರು, ಎರಡನೆಯ ಅವಧಿಯಲ್ಲಿ ಆ ಕಡೆಯಿಂದ ಒಂದು ಅಪಾಯವೂ ಬರಲಿಲ್ಲ. ಆ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಕೋಚ್ ಎಂದು ಕರೆದರು.

ಹ್ಯುರ್ಟ್ಸೆಲರ್ ಅವರು ಇದನ್ನೆಲ್ಲ ಬಹಳ ಹಿಂದೆಯೇ ದಾಟಿ ಬಂದಿದ್ದಾರೆ. 23ನೆಯ ವಯಸ್ಸಿನಲ್ಲಿ ಬವೇರಿಯಾದ ಪಿಪಿನ್ಸ್‌ರೀಡ್ ಎಂಬ ಹಳ್ಳಿಯ ತಂಡಕ್ಕೆ ಆಟಗಾರರೂ ತರಬೇತುದಾರರೂ ತಾವೇ ಆಗಿ, ಮೊದಲ ವರ್ಷವೇ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ ತಂದುಕೊಟ್ಟವರು ಅವರು. ಬಯರ್ನ್ ಮ್ಯೂನಿಕ್ ಕ್ಲಬ್ಬಿನ ಯುವ ತಂಡಗಳಲ್ಲಿ ಬೆಳೆದರೂ ಆಟಗಾರರಾಗಿ ಮೊದಲ ದರ್ಜೆ ತಲುಪಲಾರೆನೆಂದು ಬೇಗ ಅರಿತು ಈ ದಾರಿ ಹಿಡಿದರು. ಹಾಗಾಗಿ ವಯಸ್ಸು 31 ಆದರೂ ತರಬೇತಿಯ ಅನುಭವಕ್ಕೆ ಎಂಟು ವರ್ಷ. 28ನೆಯ ವಯಸ್ಸಿನಲ್ಲಿ 17ನೆಯ ಸ್ಥಾನದಲ್ಲಿದ್ದ ಹೋಫನ್‌ಹೈಮ್ ತಂಡವನ್ನು ವಹಿಸಿಕೊಂಡು, ಮರುವರ್ಷ ನಾಲ್ಕನೆಯ ಸ್ಥಾನಕ್ಕೆ ಏರಿಸಿದ ಯೂಲಿಯಾನ್ ನಾಗೆಲ್ಸ್‌ಮನ್ ಅವರೂ ಹೀಗೆಯೇ ಬೇಗ ಆರಂಭಿಸಿದವರು. ಕಳೆದ ಶುಕ್ರವಾರ ಯೂರೊ ಕಪ್ಪಿನ ಕ್ವಾರ್ಟರ್ ಫೈನಲ್‌ನಲ್ಲಿ ಸ್ಪೇನ್ ವಿರುದ್ಧ ಜರ್ಮನಿ ಹೆಚ್ಚುವರಿ ಅವಧಿಯ ಕೊನೆಯಲ್ಲಿ ಸೋತಾಗ ಆ ಅಂಗಳದ ಅಂಚಿನಲ್ಲಿ ನಿಂತಿದ್ದ 36 ವರ್ಷದ ಮುಖ್ಯ ತರಬೇತುದಾರರು ಅವರೇ.

ಫಾಲ್ಮರ್ ನಿಲ್ದಾಣ (2024 ಜುಲೈ 13)

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ವಂದನೆಗಳು. ಎಲ್ಬೆ ದಂಡೆಯವರೇ, ನೀವು ಕಳೆದುಕೊಂಡದ್ದನ್ನು ನಾವು ಪಡೆದಿದ್ದೇವೆ ಎಂಬುದನ್ನು ಓದಿ ಮನಸ್ಸು ಭಾರವಾಯಿತು. ಪಾಟರ್ ಹೋದ ದಿನ ನಾವೂ ಅದನ್ನೇ ಅನುಭವಿಸಿದ್ದೆವು.

ಲೆಫ್ಟ್ ಬ್ಯಾಕ್ ಅವರು ಹನ್ನೆರಡನೆಯ ಸ್ಥಾನ ಸಾಕು ಎಂದಿದ್ದಾರೆ. ಇದನ್ನು ಆಮೆಕ್ಸ್‌ನಲ್ಲಿ ನನ್ನ ಪಕ್ಕದ ಆಸನದಲ್ಲಿ ಕೂರುವ ಹಿರಿಯರಿಗೆ ಹೇಳಿದೆ. ಅವರಿಗೆ ಎಪ್ಪತ್ತು ದಾಟಿದೆ. ಆಗಿನ ಆಡಳಿತ ಮಾರಿದ್ದ ಗೋಲ್ಡ್‌ಸ್ಟೋನ್ ಮೈದಾನವನ್ನು 1997ರಲ್ಲಿ ಬಿಟ್ಟ ಮೇಲೆ ತಂಡಕ್ಕೆ ಊರಿನಲ್ಲಿ ಆಡಲು ಜಾಗವೇ ಇರಲಿಲ್ಲ. ಎರಡು ವರ್ಷ ಎಪ್ಪತ್ತು ಮೈಲಿಯಾಚೆಯ ಗಿಲಿಂಗ್‌ಹ್ಯಾಮ್‌ನಲ್ಲಿ ತವರಿನ ಪಂದ್ಯಗಳನ್ನು ಆಡಿದರು. ಬಳಿಕ 2011ರವರೆಗೆ ವಿತ್‌ಡೀನ್ ಎಂಬ ಓಟದ ಕ್ರೀಡಾಂಗಣದಲ್ಲಿ, ಮಳೆ ಬಂದರೆ ತಲೆಯ ಮೇಲೆ ಸೂರಿಲ್ಲದ ಮೆಟ್ಟಿಲುಗಳಲ್ಲಿ ಕುಳಿತು ನೋಡಿದರು. ಗೋಲ್ಡ್‌ಸ್ಟೋನ್ ಬಿಟ್ಟ ವರ್ಷವೇ ಹೆರೆಫರ್ಡ್ ವಿರುದ್ಧದ ಕೊನೆಯ ಪಂದ್ಯದಲ್ಲಿ 1-1 ಡ್ರಾ ಸಾಧಿಸಿರದಿದ್ದರೆ ಕ್ಲಬ್ ಇಂಗ್ಲೆಂಡಿನ ವೃತ್ತಿಪರ ಲೀಗಿನಿಂದಲೇ ಹೊರಬೀಳುತ್ತಿತ್ತು. ಆ ದಿನ ಅವರು ಹೆರೆಫರ್ಡ್‌ನಲ್ಲಿದ್ದರು. ಅವರು ನನ್ನ ಮಾತು ಕೇಳಿ, ಸ್ಥಾನ ಎಷ್ಟಾದರೂ ಬರಲಿ, ಆಡುವಾಗ ನಮ್ಮವರು ಹೆದರದಿದ್ದರೆ ನನಗೆ ಅಷ್ಟೇ ಬೇಕು ಎಂದರು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಆ ಮಾತಿನಲ್ಲಿ ದೊರೆಯಿತು.

ಉಳಿದರ್ಧಕ್ಕೆ ನನ್ನದೇ ಆಸೆಗಳಿವೆ. ಬೆನ್ನುನೋವಿನಿಂದ ತಿಂಗಳುಗಟ್ಟಲೆ ಹೊರಗಿದ್ದ ಮಿತೋಮಾ ಎಡಬದಿಯಲ್ಲಿ ಮತ್ತೆ ಮೊದಲಿನಂತೆ ಓಡಬೇಕು. ಕಳೆದ ಋತುವಿನಲ್ಲಿ ಎಲ್ಲ ಸ್ಪರ್ಧೆಗಳಲ್ಲಿ ಸೇರಿ 20 ಗೋಲು ಹೊಡೆದ ಜೊವಾವ್ ಪೆದ್ರೊ ಅವರಿಗೆ ಸರಿಯಾದ ಜಾಗ ಸಿಗಬೇಕು. ಹತ್ತೊಂಬತ್ತರ ಹರೆಯದ ಇವಾನ್ ಫರ್ಗ್ಯುಸನ್ ತಮ್ಮ ಆತ್ಮವಿಶ್ವಾಸವನ್ನು ಮರಳಿ ಪಡೆಯಬೇಕು. ಜರ್ಮನ್ ಮಿಡ್‌ಫೀಲ್ಡರ್ ಪಾಸ್ಕಾಲ್ ಗ್ರೋಸ್ ಹೊರಡಬಹುದೆಂಬ ಮಾತು ಕೇಳಿಬರುತ್ತಿದೆ. 2017ರಿಂದ ಎಲ್ಲ ಜಾಗಗಳಲ್ಲೂ ಆಡಿ ತಂಡವನ್ನು ಹೊತ್ತ ಅವರು ಹೋದರೆ ಹೊಸ ತರಬೇತುದಾರರಿಗೆ ಅದೇ ಮೊದಲ ದೊಡ್ಡ ಪರೀಕ್ಷೆ. ತಮ್ಮ ಭಾಷೆಯನ್ನೇ ಆಡುವ, ಆಟವನ್ನು ಅಷ್ಟು ಚೆನ್ನಾಗಿ ಓದಬಲ್ಲ ಹಿರಿಯರೊಬ್ಬರು ಮೊದಲ ದಿನಗಳಲ್ಲಿ ಜೊತೆಗಿರಲಿ ಎಂದು ನಾನು ಹಾರೈಸುತ್ತೇನೆ.

ಎಲ್ಬೆ ದಂಡೆ (2024 ಜುಲೈ 13)

ನಿಮ್ಮ ಪಕ್ಕದ ಆಸನದ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಆಗಸ್ಟ್ 17ರಂದು ಎವರ್ಟನ್ ವಿರುದ್ಧ ಮೊದಲ ಪಂದ್ಯವಿದೆಯಲ್ಲವೇ? ಅಂದು ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ನಿಮ್ಮವರು ಚೆಂಡು ಕಳೆದುಕೊಂಡ ಮರುಕ್ಷಣ ಡಂಕ್ ಅವರು ಎಲ್ಲಿದ್ದಾರೆ, ಅವರಿಗೂ ಮಿಡ್‌ಫೀಲ್ಡರಿಗೂ ನಡುವೆ ಎಷ್ಟು ಬಯಲಿದೆ ಎಂದು ನೋಡಿ. ಕಳೆದ ವರ್ಷ ನಿಮ್ಮ ಪಂದ್ಯಗಳನ್ನು ಟಿವಿಯಲ್ಲಿ ನೋಡುವಾಗಲೆಲ್ಲ ಆ ಬಯಲು ನನ್ನ ಕಣ್ಣಿಗೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಅದು ಕಿರಿದಾಗಿದ್ದರೆ ಫಲಿತಾಂಶ ಏನೇ ಬರಲಿ, ಅವರ ಕೆಲಸ ಆರಂಭವಾಗಿದೆ ಎಂದು ತಿಳಿಯಿರಿ. ಆದರೆ ಅಕ್ಟೋಬರ್ ತಿಂಗಳವರೆಗೆ ಸಮಯ ಕೊಡಿ. ಇಂಥ ಆಟವನ್ನು ಕಾಲುಗಳು ಕಲಿಯುವುದು ನಿಧಾನ.

ಫಾಲ್ಮರ್ ನಿಲ್ದಾಣ (2024 ಜುಲೈ 14)

ಹೌದು, ಗುಡಿಸನ್ ಪಾರ್ಕಿನಲ್ಲಿ. ಎವರ್ಟನ್ ಆ ಅಂಗಳದಲ್ಲಿ ಆಡುವ ಕೊನೆಯ ಋತು ಇದು. 2023ರ ಮೇ ತಿಂಗಳಲ್ಲಿ ಅದೇ ಎವರ್ಟನ್ ಆಮೆಕ್ಸ್‌ಗೆ ಬಂದು, ಒಂದು ನಿಮಿಷ ತುಂಬುವ ಮೊದಲೇ ಮೊದಲ ಗೋಲು ಹೊಡೆದು, 5-1ರಿಂದ ಗೆದ್ದುಹೋದಾಗ ಪ್ರತಿ ಸಲವೂ ಅವರು ಓಡಿ ಬಂದದ್ದು ನೀವು ಹೇಳುವ ಆ ಬಯಲಿನಲ್ಲೇ. ನನಗೆ ಮತ್ತು ಆ ಹಿರಿಯರಿಗೆ ಲಿವರ್‌ಪೂಲ್‌ಗೆ ಹೋಗುವ ರೈಲಿನ ಟಿಕೆಟ್ ಇವತ್ತು ಬೆಳಿಗ್ಗೆ ಕಾಯ್ದಿರಿಸಿದೆ. ಪಂದ್ಯ ಮುಗಿದ ರಾತ್ರಿ, ಡಂಕ್ ಎಲ್ಲಿ ನಿಂತಿದ್ದರು ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.